ಬೆಂಗಳೂರಿನ ‘ಮರುತ್’

2024ರ ಅಕ್ಟೋಬರ್ 6ರ ಭಾನುವಾರ ಮರೀನಾ ಕಡಲತೀರದಲ್ಲಿ ವಾಯುಸೇನೆಯ ವಿಮಾನ ಪ್ರದರ್ಶನ ನಡೆದದ್ದು ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಸಂಘದ ಕಡೆಯ ನಾಲ್ಕಾರು ಕುಟುಂಬದವರು ಮೊಸರನ್ನದ ಡಬ್ಬಿ, ನೀರಿನ ಬಾಟಲಿ, ಛತ್ರಿಗಳನ್ನು ಹೊತ್ತು ಬೆಳಗ್ಗೆಯೇ ಹೊರಟಿದ್ದೆವು. ಮರಳಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ತಲೆಯ ಮೇಲೆ ಬಿಸಿಲು, ಸುತ್ತ ಲಕ್ಷಾಂತರ ಜನ. ಅಂದು ಐದು ಮಂದಿ ಪ್ರಾಣ ಕಳೆದುಕೊಂಡರೆಂಬ ಸುದ್ದಿ ಮನೆ ಸೇರಿದ ಮೇಲೆ ತಿಳಿದು, ನೋಡಿ ಬಂದ ಸಂತೋಷವೆಲ್ಲ ಇಳಿದುಹೋಯಿತು. ಆದರೆ ಈ ಬರಹಕ್ಕೆ ಕಾರಣವಾದದ್ದು ಆಕಾಶದಲ್ಲಿ ‘ತೇಜಸ್’ ಕಾಣಿಸಿಕೊಂಡಾಗ ನಮ್ಮ ಪಕ್ಕದಲ್ಲಿದ್ದ ಹುಡುಗನೊಬ್ಬ ಆಡಿದ ಮಾತು. ಏಳನೆಯ ತರಗತಿಯ ಹುಡುಗ, ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ. “ಮಾವಾ, ಇದು ನಮ್ಮ ಬೆಂಗಳೂರಲ್ಲಿ ಮಾಡಿದ್ದು. ಇಂಡಿಯಾದವರೇ ಮಾಡಿದ ಫಸ್ಟ್ ಫೈಟರ್” ಎಂದು ಎದೆಯುಬ್ಬಿಸಿ ಹೇಳಿದ.

ಮೊದಲನೆಯ ಮಾತು ಸರಿ. ಎರಡನೆಯದು ತಪ್ಪು. ಆ ಗದ್ದಲದಲ್ಲಿ ಅವನಿಗೆ ತಿಳಿಯಹೇಳುವುದು ಆಗಲಿಲ್ಲ. ವಿಚಾರಿಸಿ ನೋಡಿದರೆ ದೊಡ್ಡವರಲ್ಲಿಯೂ ಹಲವರು ಹಾಗೆಯೇ ತಿಳಿದಿದ್ದಾರೆಂದು ಕಂಡುಬಂದದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ‘ತೇಜಸ್’ ಮೊದಲು ಹಾರಿದ್ದು 2001ರ ಜನವರಿ 4ರಂದು. ಅದಕ್ಕೆ ನಲವತ್ತು ವರ್ಷ ಮುಂಚೆ, ಅದೇ ಬೆಂಗಳೂರಿನ ಅದೇ ವಿಮಾನ ನಿಲ್ದಾಣದಿಂದ, ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಇನ್ನೊಂದು ಜೆಟ್ ಯುದ್ಧವಿಮಾನ ಮೇಲೆದ್ದಿತ್ತು. ಅದರ ಹೆಸರು ಎಚ್.ಎಫ್.-24 ‘ಮರುತ್’.

ಈ ಕಥೆಗೆ ಬುನಾದಿ ಹಾಕಿದ್ದು ಮೈಸೂರು ಸಂಸ್ಥಾನ. ಎರಡನೆಯ ಮಹಾಯುದ್ಧ ಆರಂಭವಾದ ಕಾಲದಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಈ ದೇಶದಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಬೇಕೆಂದು ಹೊರಟಾಗ ಅವರ ಕೈ ಹಿಡಿದವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನದ ವತಿಯಿಂದ 25 ಲಕ್ಷ ರೂಪಾಯಿ ಬಂಡವಾಳ, ಸುಮಾರು 700 ಎಕರೆ ನೆಲ. 1940ರ ಡಿಸೆಂಬರ್ 23ರಂದು ‘ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್’ ನೋಂದಣಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಆಗ್ಗೆ ಇನ್ನೂ ಐದು ತಿಂಗಳಾಗಿರಲಿಲ್ಲ. ಜಯಚಾಮರಾಜ ಒಡೆಯರು ಆಗತಾನೆ ಪಟ್ಟಕ್ಕೆ ಬಂದಿದ್ದರು. ಮರುವರ್ಷವೇ ಅಮೆರಿಕದ ‘ಹಾರ್ಲೋ’ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿದರು. 1942ರಲ್ಲಿ ವಾಲ್‌ಚಂದರ ಪಾಲನ್ನು ಭಾರತ ಸರ್ಕಾರ ಕೊಂಡುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರಲಿಲ್ಲ, ಆಡಳಿತವನ್ನು ಮಾತ್ರ ಬಿಟ್ಟುಕೊಟ್ಟಿತು. ಆ ಮೇಲೆ ಯುದ್ಧ ಮುಗಿಯುವವರೆಗೂ ಅದು ಅಮೆರಿಕದ ಸೇನೆಯ ವಿಮಾನ ರಿಪೇರಿ ಕೇಂದ್ರ.

ಯುದ್ಧ ಮುಗಿದೊಡನೆ ಅಷ್ಟು ದೊಡ್ಡ ಕಾರ್ಖಾನೆಗೆ ಕೆಲಸವಿಲ್ಲದಂತಾಯಿತು. ಏನು ಮಾಡಿದರೆಂದರೆ ರೈಲು ಡಬ್ಬಿ ಮಾಡಿದರು, ಬಸ್ಸಿನ ಮೈ ಕಟ್ಟಿದರು. ನಮ್ಮ ಪೆರಂಬೂರಿನ ರೈಲುಗಾಡಿ ಕಾರ್ಖಾನೆ ಶುರುವಾದದ್ದು 1955ರಲ್ಲಿ. ಅದಕ್ಕೂ ಮುಂಚೆಯೇ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಉಕ್ಕಿನ ಮೂರನೆಯ ದರ್ಜೆಯ ಡಬ್ಬಿಗಳು ತಯಾರಾಗುತ್ತಿದ್ದವು. ವಿಮಾನ ಕಾರ್ಖಾನೆಯಿಂದ ಡಬ್ಬಿ ಬಂತೆಂದು ನಗುವವರು ನಗಬಹುದು. ತಗಡು ಬಗ್ಗಿಸುವ, ರಿವೆಟ್ ಹೊಡೆಯುವ ಕೈಗಳು ಚದುರಿಹೋಗದಂತೆ ಉಳಿದದ್ದು ಆ ಡಬ್ಬಿಗಳಿಂದ ಎಂಬುದನ್ನು ಮರೆಯಬಾರದು. ನಮ್ಮ ಹಿಂದಿನ ತಲೆಮಾರಿನಲ್ಲಿ ಅಣ್ಣನು ಮದರಾಸಿಗೆ ಬಂದು ಸರ್ಕಾರಿ ಕಛೇರಿ ಸೇರಿದರೆ ತಮ್ಮನು ಬೆಂಗಳೂರಿಗೆ ಹೋಗಿ ಎಚ್.ಎ.ಎಲ್. ಸೇರುತ್ತಿದ್ದ ಮನೆಗಳು ಎಷ್ಟೋ ಇದ್ದವು. ಹೆಣ್ಣು ಕೊಡುವವರು “ಹುಡುಗ ಎಚ್.ಎ.ಎಲ್.ನಲ್ಲಿದ್ದಾನೆ” ಎಂದರೆ ಜಾತಕವನ್ನು ಒಂದೇ ಸಲ ನೋಡುತ್ತಿದ್ದ ಕಾಲವದು.

ಸ್ವಂತ ವಿನ್ಯಾಸದ ಮೊದಲ ಫಲ ಎಚ್.ಟಿ.-2 ಎಂಬ ಪುಟ್ಟ ತರಬೇತಿ ವಿಮಾನ. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಇದು 1951ರ ಆಗಸ್ಟ್‌ನಲ್ಲಿ ಹಾರಿತು. ಪ್ರೊಪೆಲ್ಲರಿನ ಎರಡು ಆಸನದ ವಿಮಾನದಿಂದ ಶಬ್ದದ ಎರಡರಷ್ಟು ವೇಗದ ಜೆಟ್ ಯುದ್ಧವಿಮಾನಕ್ಕೆ ಜಿಗಿಯಬೇಕೆಂದು ದಿಲ್ಲಿಯವರು ನಿಶ್ಚಯಿಸಿದ್ದು ಅದಾದ ಐದೇ ವರ್ಷಕ್ಕೆ. ಧೈರ್ಯವೆನ್ನೋಣವೇ, ದುಡುಕೆನ್ನೋಣವೇ? ಎರಡೂ ಸ್ವಲ್ಪ ಸ್ವಲ್ಪ ಇದ್ದಂತೆ ನಮಗೆ ತೋರುತ್ತದೆ. ವಾಯುಸೇನೆ ಕೇಳಿದ್ದು ಇಷ್ಟು: ಎತ್ತರದಲ್ಲಿ ಶಬ್ದದ ಎರಡರಷ್ಟು ವೇಗ, 60,000 ಅಡಿ ಏರುವ ಶಕ್ತಿ, 500 ಮೈಲಿ ದೂರ ಹೋಗಿ ಹೋರಾಡಿ ಹಿಂತಿರುಗುವ ಸಾಮರ್ಥ್ಯ.

ಇದಕ್ಕಾಗಿ ಪಂಡಿತ್ ನೆಹರೂ ಅವರ ಸರ್ಕಾರ ಕರೆಸಿದ್ದು ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರನ್ನು. ಯುದ್ಧಕಾಲದಲ್ಲಿ ಬ್ರಿಟಿಷರ ನಿದ್ದೆಗೆಡಿಸಿದ ‘ಫೋಕೆ-ವುಲ್ಫ್ 190’ ಇವರದೇ ಕೃತಿ. ಜರ್ಮನಿ ಸೋತ ಮೇಲೆ ಇವರು ಆರ್ಜೆಂಟೀನಾಕ್ಕೆ ಹೋಗಿ ‘ಪುಲ್ಕಿ’ ಎಂಬ ಜೆಟ್ ವಿಮಾನವನ್ನು ಕಟ್ಟಿದ್ದರು. 1956ರಲ್ಲಿ ತಮ್ಮ ಸಂಗಡಿಗರೊಂದಿಗೆ ಬೆಂಗಳೂರಿಗೆ ಬಂದರು. ಇಲ್ಲೊಂದು ಮಾತು ಹೇಳಬೇಕು. ಟ್ಯಾಂಕ್ ನಮ್ಮ ಕ್ರೋಂಪೇಟೆಯ ಎಂ.ಐ.ಟಿ.ಯಲ್ಲಿ ಅಬ್ದುಲ್ ಕಲಾಂ ಅವರಿಗೆ ಪಾಠ ಹೇಳಿದರೆಂದು ಹಲವರು ಬರೆಯುತ್ತಾರೆ. ಈ ಊರಿನ ಅಭಿಮಾನದಿಂದ ಅದನ್ನು ನಂಬಲು ನಮಗೂ ಆಸೆ. ಆದರೆ ಕಲಾಂ ಅವರೇ ಆತ್ಮಕಥೆಯಲ್ಲಿ ಅಲ್ಲಿಯ ಗುರುಗಳೆಂದು ಹೆಸರಿಸಿ ಸ್ಮರಿಸುವುದು ಸ್ಪಾಂಡರ್, ಪಂಡಲೈ, ನರಸಿಂಗರಾವ್ ಎಂಬ ಮೂವರನ್ನು, ಟ್ಯಾಂಕ್ ಅವರನ್ನಲ್ಲ. ಕ್ರೋಂಪೇಟೆಯ ಅಂಗಳದಲ್ಲಿ ನಿಲ್ಲಿಸಿದ್ದ ಎರಡು ಹಳೆಯ ವಿಮಾನಗಳನ್ನು ನೋಡಿಯೇ ತಾವು ವಿಮಾನ ವಿಜ್ಞಾನ ಆರಿಸಿಕೊಂಡದ್ದೆಂದೂ, ಅಲ್ಲಿಂದ ತರಬೇತಿಗಾಗಿ ಬೆಂಗಳೂರಿನ ಎಚ್.ಎ.ಎಲ್.ಗೆ ಹೋಗಿ ಎಂಜಿನ್ ರಿಪೇರಿಯ ಕೆಲಸ ಕಲಿತದ್ದೆಂದೂ ಅವರು ಬರೆದಿದ್ದಾರೆ. ಮದರಾಸಿಗೂ ಬೆಂಗಳೂರಿಗೂ ವಿಮಾನದ ನಂಟು ಬೆಸೆಯಲು ಅಷ್ಟು ಸಾಲದೇ?

ಟ್ಯಾಂಕ್ ಬಂದಾಗ ಬೆಂಗಳೂರಿನಲ್ಲಿದ್ದ ವಿನ್ಯಾಸ ವಿಭಾಗ ತೀರ ಚಿಕ್ಕದು. ಅನುಭವಿ ಹಿರಿಯ ಎಂಜಿನಿಯರುಗಳು ಬೆರಳೆಣಿಕೆಯಷ್ಟು. ಇಂಥ ವಿಮಾನಕ್ಕೆ ಬೇಕಾದ ಪರೀಕ್ಷಾ ಸಾಧನಗಳು, ಮೂಲಮಾದರಿ ಕಟ್ಟುವ ಯಂತ್ರಶಾಲೆ, ಎಲ್ಲವನ್ನೂ ಹೊಸದಾಗಿ ಏರ್ಪಡಿಸಬೇಕಾಯಿತು. ಆಗ ಅವರು ಮಾಡಿದ ಒಂದು ಉಪಾಯ ನಮಗೆ ಬಹಳ ಹಿಡಿಸಿದೆ. ನಿಜವಾದ ವಿಮಾನದಷ್ಟೇ ಅಳತೆಯ, ಅದೇ ಆಕಾರದ ಒಂದು ಮರದ ಗ್ಲೈಡರನ್ನು ಕಟ್ಟಿಸಿದರು. ಅದಕ್ಕೆ ಎಂಜಿನ್ ಇಲ್ಲ. ‘ಡಕೋಟಾ’ ವಿಮಾನಕ್ಕೆ ಹಗ್ಗದಿಂದ ಕಟ್ಟಿ ಮೇಲಕ್ಕೆಳೆದೊಯ್ದು ಅಲ್ಲಿ ಬಿಡುವುದು. ಅದು ತೇಲುತ್ತ ಇಳಿಯುವಾಗ ರೆಕ್ಕೆ ಹೇಗೆ ವರ್ತಿಸುತ್ತದೆ, ಚುಕ್ಕಾಣಿ ಹೇಗೆ ಮಾತು ಕೇಳುತ್ತದೆ ಎಂದು ನೋಡುವುದು. 1959ರಿಂದ ಎಂಬತ್ತಕ್ಕೂ ಹೆಚ್ಚು ಬಾರಿ ಹೀಗೆ ಹಾರಿಸಿದರು. ಬಡವರ ಮನೆಯಲ್ಲಿ ಮದುವೆಯ ಸೀರೆಯನ್ನು ಕತ್ತರಿಸುವ ಮುಂಚೆ ಹಳೆಯ ಬಟ್ಟೆಯ ಮೇಲೆ ಅಳತೆ ನೋಡುವಂತೆ.

1961ರ ಜೂನ್ 17ರಂದು ಮೊದಲ ಮೂಲಮಾದರಿ ಹಾರಿತು. ಹಾರಿಸಿದವರು ವಾಯುಸೇನೆಯ ಪರೀಕ್ಷಾ ಪೈಲಟ್ ಸುರಂಜನ್ ದಾಸ್. ಟ್ಯಾಂಕ್ ಬೆಂಗಳೂರಿಗೆ ಬಂದು ಆಗಿನ್ನೂ ಐದು ವರ್ಷ ತುಂಬಿರಲಿಲ್ಲ. ‘ಮರುತ್’ ಎಂದರೆ ವೇದಗಳಲ್ಲಿ ಬರುವ ಗಾಳಿಯ ದೇವತೆಗಳು. ಗಾಳಿಯ ಮಗ ಮಾರುತಿ ನಮಗೆಲ್ಲ ಪರಿಚಿತನೇ. ನಂಗನಲ್ಲೂರಿನ ಆಂಜನೇಯನ ಮುಂದೆ ಶನಿವಾರ ನಿಂತರೆ ಕನ್ನಡ ಮಾತಾಡುವವರು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಸಪೂರವಾದ ಉದ್ದ ಮೈ, ಹಿಂದಕ್ಕೆ ಬಾಗಿದ ರೆಕ್ಕೆ, ಅಕ್ಕಪಕ್ಕ ಎರಡು ಎಂಜಿನ್. ಕಂಡವರೆಲ್ಲ ಅದರ ಅಂದವನ್ನು ಹೊಗಳಿದರು.

ಕೊರತೆಯಿದ್ದದ್ದು ಎಂಜಿನ್ನಿನಲ್ಲಿ. ಇದನ್ನು ಕೊಂಚ ಬಿಡಿಸಿ ಹೇಳಬೇಕು. ಶಬ್ದದ ವೇಗ ಸಮೀಪಿಸಿದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಅದನ್ನು ಸೀಳಿ ಮುಂದೆ ಹೋಗಲು ವಿಮಾನದ ಆಕಾರ ಚೆನ್ನಾಗಿದ್ದರಷ್ಟೇ ಸಾಲದು, ಹಿಂದಿನಿಂದ ನೂಕುವ ಬಲವೂ ಬೇಕು. ಆ ಬಲ ಪಡೆಯುವ ಒಂದು ವಿಧಾನ ‘ರೀಹೀಟ್’. ಎಂಜಿನ್ನಿನಿಂದ ಹೊರಬೀಳುವ ಬಿಸಿ ಗಾಳಿಯಲ್ಲಿ ಉರಿಯದ ಆಮ್ಲಜನಕ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಬಾಲದ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಸಿಂಪಡಿಸಿ ಹೊತ್ತಿಸಿದರೆ ಹೆಚ್ಚಿನ ನೂಕುಬಲ ಸಿಗುತ್ತದೆ. ಟ್ಯಾಂಕ್ ತಮ್ಮ ವಿಮಾನವನ್ನು ರೂಪಿಸಿದ್ದು ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆ ಸಿದ್ಧಪಡಿಸಲಿದ್ದ ಅಂಥ ರೀಹೀಟ್ ಇರುವ ‘ಆರ್ಫಿಯಸ್ 12’ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದೊಂದೂ ಸುಮಾರು 3,700 ಕಿಲೋಗ್ರಾಂ ನೂಕುಬಲ ಕೊಡಬೇಕಾಗಿತ್ತು. ಆ ಎಂಜಿನ್ ಬೇರೆಡೆ ಯಾರಿಗೂ ಬೇಡವಾಯಿತು. ನಿಮಗೆ ಬೇಕಾದರೆ ಅಭಿವೃದ್ಧಿಯ ಖರ್ಚು ನೀವೇ ಕೊಡಿ ಎಂದು ಬ್ರಿಟಿಷರು ಕೇಳಿದರು. ಕೆಲವು ದಶಲಕ್ಷ ಪೌಂಡುಗಳ ಮಾತು. ಭಾರತ ಸರ್ಕಾರ ಕೊಡಲಿಲ್ಲ.

ತತ್ಪರಿಣಾಮವಾಗಿ ಮರುತ್‌ಗೆ ಜೋಡಿಸಿದ್ದು ‘ಆರ್ಫಿಯಸ್ 703’. ಪುಟ್ಟ ‘ನ್ಯಾಟ್’ ವಿಮಾನಕ್ಕೆಂದು ಬೆಂಗಳೂರಿನಲ್ಲಿ ಪರವಾನಗಿ ಪಡೆದು ತಯಾರಿಸುತ್ತಿದ್ದ ಎಂಜಿನ್ನಿನ ಒಡಹುಟ್ಟು. ರೀಹೀಟ್ ಇಲ್ಲ, ನೂಕುಬಲ ಸುಮಾರು 2,200 ಕಿಲೋಗ್ರಾಂ. ಬ್ರಹ್ಮರಥಕ್ಕೆ ಎರಡು ಕರು ಕಟ್ಟಿ ಎಳೆಸಿದಂತಾಯಿತು. ಶಬ್ದದ ಎರಡರಷ್ಟು ವೇಗಕ್ಕೆ ಹುಟ್ಟಿದ ವಿಮಾನ ಶಬ್ದದ ವೇಗವನ್ನೇ ಕಷ್ಟಪಟ್ಟು ಮುಟ್ಟುತ್ತಿತ್ತು.

ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದಿರುವ ನಮಗೆ ಆ ತೀರ್ಮಾನ ಹೇಗಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆಗ ದೇಶದಲ್ಲಿ ವಿದೇಶೀ ವಿನಿಮಯದ ಬಿಕ್ಕಟ್ಟು. ಹೊರಗಿನಿಂದ ಗೋಧಿ ತರಿಸಿ ತಿನ್ನುತ್ತಿದ್ದೆವು. ಅಂಥ ಹೊತ್ತಿನಲ್ಲಿ ಪರದೇಶದ ಕಂಪೆನಿಯ ಎಂಜಿನ್ನಿಗೆ ದುಡ್ಡು ಸುರಿಯಲು ಒಪ್ಪದವರನ್ನು ದೇಶದ್ರೋಹಿಗಳೆಂದು ಬೈಯುವುದು ಸುಲಭ, ನ್ಯಾಯವಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಖರ್ಚು ಮಾಡಿದ ಹಣದ ಮೇಲೆ ಆಡಿಟ್ ಆಕ್ಷೇಪಣೆ ಬರುತ್ತದೆ, ಅದಕ್ಕೆ ಉತ್ತರ ಬರೆಯುತ್ತ ವರ್ಷಗಳೇ ಕಳೆಯುತ್ತವೆ. ಖರ್ಚು ಮಾಡದೆ ಇದ್ದುದರಿಂದ ಆದ ನಷ್ಟಕ್ಕೆ ಆಕ್ಷೇಪಣೆ ಬರೆದ ಆಡಿಟರನ್ನು ನಾವು ಈವರೆಗೆ ಕಂಡಿಲ್ಲ. ಅಂದು ಉಳಿಸಿದ ಪೌಂಡುಗಳಿಗಿಂತ ಎಷ್ಟು ಪಟ್ಟು ಹೆಚ್ಚು ಹಣ ಮುಂದೆ ಹೊರದೇಶದ ವಿಮಾನಗಳಿಗೆ ಹೋಯಿತೆಂಬ ಲೆಕ್ಕ ಯಾವ ಕಡತದಲ್ಲಿಯೂ ಒಂದೇ ಪುಟದಲ್ಲಿ ಸಿಗುವುದಿಲ್ಲ.

ಬೇರೆ ಎಂಜಿನ್ ಹುಡುಕಿದ್ದು ದೊಡ್ಡ ಪುರಾಣ. ರಷ್ಯಾದ ಎಂಜಿನ್‌ಗಳನ್ನು ಪರಿಶೀಲಿಸಿದರು, ಒಗ್ಗಲಿಲ್ಲ. ಈಜಿಪ್ಟಿನ ಕಥೆಯಂತೂ ಸ್ವಾರಸ್ಯವಾಗಿದೆ. ನಾಸೆರ್ ಅವರ ಸರ್ಕಾರ ಕೂಡ ಜರ್ಮನಿಯ ವಿನ್ಯಾಸಕಾರ ಮೆಸ್ಸರ್‌ಸ್ಮಿಟ್ ಅವರನ್ನು ಹಿಡಿದು ‘ಎಚ್.ಎ.-300’ ಎಂಬ ಯುದ್ಧವಿಮಾನ ಮಾಡಿಸುತ್ತಿತ್ತು. ಅವರಲ್ಲಿ ಎಂಜಿನ್ ಇತ್ತು, ನಮ್ಮಲ್ಲಿ ವಿಮಾನವಿತ್ತು. 1964ರಲ್ಲಿ ಆ ಈಜಿಪ್ಟಿನ ವಿಮಾನವನ್ನು ಮೊದಲ ಬಾರಿ ಹಾರಿಸಿದವರೇ ನಮ್ಮ ವಾಯುಸೇನೆಯ ಪೈಲಟ್ ಕಪಿಲ್ ಭಾರ್ಗವ. ನಮ್ಮ ಒಂದು ಮರುತ್ ಅಲ್ಲಿಗೆ ಹೋಗಿ 1967ರಲ್ಲಿ ಈಜಿಪ್ಟಿನ ಎಂಜಿನ್ ಹೊತ್ತು ಹಾರಿತು. ಅದೇ ವರ್ಷ ಜೂನ್‌ನಲ್ಲಿ ಇಸ್ರೇಲಿನೊಡನೆ ಯುದ್ಧವಾಗಿ ಈಜಿಪ್ಟಿನ ಬೆನ್ನುಮೂಳೆ ಮುರಿಯಿತು. 1969ರಲ್ಲಿ ಅವರು ಆ ಯೋಜನೆಯನ್ನೇ ಕೈಬಿಟ್ಟರು. ಇತ್ತ 1962ರಿಂದಲೇ ರಷ್ಯಾದ ‘ಮಿಗ್-21’ ಬರುವುದೆಂದು ಗೊತ್ತಾಗಿತ್ತು. ಕೇಳಿದ ವೇಗ ಅದರಲ್ಲಿ ಸಿದ್ಧವಾಗಿಯೇ ಸಿಗುತ್ತಿದ್ದಾಗ ವಾಯುಸೇನೆಯವರಿಗೆ ಮರುತ್ ಮೇಲೆ ಆಸಕ್ತಿ ಕುಂದಿದ್ದು ಆಶ್ಚರ್ಯವಲ್ಲ. 1967ರಲ್ಲಿ ಟ್ಯಾಂಕ್ ಭಾರತವನ್ನು ಬಿಟ್ಟು ಹೊರಟರು. ಅವರು 1983ರಲ್ಲಿ ತೀರಿಕೊಂಡರು.

ಕಡೆಗೆ ಆರ್ಫಿಯಸ್‌ಗೇ ರೀಹೀಟ್ ಜೋಡಿಸುವ ಕೆಲಸವನ್ನು ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾಲಯದವರು ಕೈಗೆತ್ತಿಕೊಂಡರು. 1970ರ ಜನವರಿ 10ರಂದು ಅಂಥದೊಂದು ಮರುತ್‌ನಲ್ಲಿ ಸುರಂಜನ್ ದಾಸ್ ಹೊರಟರು. ಆಗ ಅವರು ಗ್ರೂಪ್ ಕ್ಯಾಪ್ಟನ್. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ವಿಮಾನ ಬಿದ್ದಿತು. ಮರುತ್ ಅನ್ನು ಮೊದಲ ಸಲ ಆಕಾಶಕ್ಕೆ ಎತ್ತಿದ ಕೈ ಅದರಲ್ಲೇ ತಣ್ಣಗಾಯಿತು. ಆ ವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರದಾನವಾಯಿತು. ಪರೀಕ್ಷಾ ಪೈಲಟ್ಟಿನ ಕೆಲಸವೆಂದರೆ ಶತ್ರುವಿಲ್ಲದ ಯುದ್ಧ. ಕಾಗದದ ಮೇಲೆ ಬರೆದ ಲೆಕ್ಕ ಸರಿಯೋ ತಪ್ಪೋ ಎಂದು ತನ್ನ ದೇಹವನ್ನೇ ಒಡ್ಡಿ ನೋಡುವವನು ಅವನು.

ಹಾಗಾದರೆ ಮರುತ್ ಸೋತ ವಿಮಾನವೇ? ಹಾಗೆಂದು ಬರೆದವರು ಬಹಳ. 1971ರ ಡಿಸೆಂಬರ್ ತಿಂಗಳ ರಾಜಸ್ಥಾನದ ಮರುಭೂಮಿಯನ್ನು ನೋಡಿದ ಮೇಲೆ ಆ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಹತ್ತನೆಯ ಮತ್ತು 220ನೆಯ ಸ್ಕ್ವಾಡ್ರನ್‌ಗಳ ಮರುತ್‌ಗಳು ಜೋಧಪುರ, ಉತ್ತರಲಾಯಿಗಳ ಕಡೆಯಿಂದ ಹೊರಟು ಗಡಿಯಾಚೆಯ ರೈಲುಮಾರ್ಗ, ಮದ್ದುಗುಂಡಿನ ಉಗ್ರಾಣ, ಟ್ಯಾಂಕುಗಳ ಸಾಲುಗಳ ಮೇಲೆ ಎರಡು ವಾರದಲ್ಲಿ 300ಕ್ಕೂ ಹೆಚ್ಚು ಬಾರಿ ದಾಳಿಗೆ ಹೋದವು. ನೆಲದ ಹತ್ತಿರ ಹಾರುವಾಗ ಎರಡು ಪಟ್ಟು ಶಬ್ದವೇಗದ ಅಗತ್ಯವೇ ಬೀಳಲಿಲ್ಲ. ಅಲ್ಲಿ ಬೇಕಾದದ್ದು ಗಟ್ಟಿ ಮೈ, ಸ್ಥಿರವಾದ ಹಾರಾಟ. ಅದು ಟ್ಯಾಂಕ್ ಕೊಟ್ಟಿದ್ದ ವರ. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮನೆಗೆ ಮರಳಿದ ಉದಾಹರಣೆಗಳಿವೆ. ಗುಂಡಿಗೆ ಬಲಿಯಾಗಿ ಮರಳದವೂ ಇವೆ. ಶತ್ರು ವಿಮಾನದೊಡನೆ ಕಾದಾಟದಲ್ಲಿ ಮಾತ್ರ ಒಂದು ಮರುತ್ ಕೂಡ ಬೀಳಲಿಲ್ಲ. ಬದಲಿಗೆ ಡಿಸೆಂಬರ್ 7ರಂದು ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿಯವರು ತಮ್ಮ ಮರುತ್‌ನಿಂದ ಒಂದು ‘ಸೇಬರ್’ ಅನ್ನು ಹೊಡೆದುರುಳಿಸಿದರೆಂದು ದಾಖಲಾಗಿದೆ. ಮರುತ್ ಪೈಲಟ್‌ಗಳಿಗೆ ಮೂರು ವೀರಚಕ್ರಗಳು ಬಂದವು.

ಅಂದಮಾತ್ರಕ್ಕೆ ಅದರ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಮೂಗಿನಲ್ಲಿದ್ದ ನಾಲ್ಕು 30 ಮಿಲಿಮೀಟರ್ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದರೆ ವಿಮಾನ ನಡುಗಿ ತೊಂದರೆಯಾಗುತ್ತಿತ್ತು. ರೀಹೀಟ್‌ಗಾಗಿ ಬಾಲದ ಆಕಾರ ಬದಲಿಸಿದಾಗ ಗಾಳಿಯ ತಡೆ ಹೆಚ್ಚಿ, ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ಹೋಯಿತು. ತರಬೇತಿಯ ಎರಡು ಆಸನದವು 18 ಸೇರಿ ಒಟ್ಟು 147 ಮರುತ್‌ಗಳು ತಯಾರಾಗಿ, 1990ರ ಹೊತ್ತಿಗೆ ಎಲ್ಲವೂ ಸೇವೆಯಿಂದ ನಿವೃತ್ತವಾದವು. ಬ್ರಿಟನ್-ಫ್ರಾನ್ಸ್‌ಗಳ ‘ಜಾಗ್ವಾರ್’ ಬೆಂಗಳೂರಿನ ಅದೇ ಕಾರ್ಖಾನೆಯಲ್ಲಿ ಪರವಾನಗಿಯ ಮೇಲೆ ತಯಾರಾಗತೊಡಗಿತ್ತು.

ನಿಜವಾದ ನಷ್ಟ ವಿಮಾನದ್ದಲ್ಲ, ಜನರದು. ಒಂದು ಯುದ್ಧವಿಮಾನವನ್ನು ಖಾಲಿ ಹಾಳೆಯಿಂದ ಆಕಾಶದವರೆಗೆ ಒಯ್ಯಲು ಕಲಿತವರಿಗೆ ಮುಂದಿನದನ್ನು ಮಾಡುವ ಅವಕಾಶ ಬರಲಿಲ್ಲ. ಕೆಲವರು ನಿವೃತ್ತರಾದರು, ಕೆಲವರು ಬೇರೆ ಕೆಲಸಗಳಿಗೆ ಹೋದರು. ಪರವಾನಗಿಯ ವಿಮಾನ ಜೋಡಿಸುವವರಿಗೆ ಕೈಚಳಕ ಉಳಿಯುತ್ತದೆ, ಆದರೆ ಈ ರೆಕ್ಕೆ ಇಲ್ಲೇ ಯಾಕೆ ಇದೆ, ನಾಲ್ಕಂಗುಲ ಹಿಂದೆ ಯಾಕಿಲ್ಲ ಎಂಬ ವಿವೇಚನೆ ಉಳಿಯುವುದಿಲ್ಲ. ಅಡುಗೆ ಪುಸ್ತಕ ನೋಡಿ ಬಿಸಿಬೇಳೆಭಾತ್ ಮಾಡುವವರಿಗೂ ಅಜ್ಜಿಗೂ ಇರುವ ವ್ಯತ್ಯಾಸ ಇದೇ ತಾನೆ. 1983ರಲ್ಲಿ ಹಗುರ ಯುದ್ಧವಿಮಾನಕ್ಕೆ ಮಂಜೂರಾತಿ ಸಿಕ್ಕಿ, 1984ರಲ್ಲಿ ಬೆಂಗಳೂರಿನಲ್ಲಿ ಅದಕ್ಕೆಂದೇ ಸಂಸ್ಥೆ ಆರಂಭವಾದಾಗ ಡಾ. ಕೋಟ ಹರಿನಾರಾಯಣ ಮೊದಲಾದವರು ಬಹುಪಾಲು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಮರುತ್‌ಗೆ ಐದು ವರ್ಷ ಸಾಕಾಗಿತ್ತು, ತೇಜಸ್ ಹಾರಲು ಹದಿನೆಂಟು ಹಿಡಿಯಿತು. ತೇಜಸ್‌ನ ಗಣಕಯಂತ್ರಗಳಿಂದ ನಡೆಯುವ ಚುಕ್ಕಾಣಿ, ಇಂಗಾಲದ ನಾರಿನ ಮೈ ಇವೆಲ್ಲ ಮರುತ್ ಕಾಲದಲ್ಲಿ ಕನಸಿನಲ್ಲಿಯೂ ಇಲ್ಲದವು, 1998ರ ಅಣುಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧವೂ ಸೇರಿಕೊಂಡಿತು ಎಂಬುದು ದಿಟ. ಹಾಗಿದ್ದರೂ ನಡುವಿನ ಆ ಖಾಲಿ ವರ್ಷಗಳ ಬೆಲೆ ಇದರಲ್ಲಿ ಸೇರಿದೆ.

ಎಂಜಿನ್ನಿನ ಕಥೆಯೂ ಮರುಕಳಿಸಿತು. ತೇಜಸ್‌ಗೆಂದು 1989ರಲ್ಲಿ ಮಂಜೂರಾದ ‘ಕಾವೇರಿ’ ಎಂಜಿನ್ ಬೇಕಾದ ಬಲವನ್ನು ಕೊಡಲಾರದೆ 2008ರಲ್ಲಿ ಆ ವಿಮಾನದಿಂದ ಬೇರ್ಪಟ್ಟಿತು. ಕಾವೇರಿ ಎಂಬ ಹೆಸರು ಕೇಳಿದರೆ ಚೆನ್ನೈ ಕನ್ನಡಿಗರಾದ ನಮಗೆ ಮನಸ್ಸು ಸ್ವಲ್ಪ ಮುದುಡುವುದುಂಟು, ಎರಡೂ ಕಡೆಯ ಮಾತು ಕೇಳಬೇಕಾದವರು ನಾವು. ಈ ಕಾವೇರಿಯಾದರೂ ಜಗಳವಿಲ್ಲದೆ ಹರಿದಿದ್ದರೆ ಎಷ್ಟು ಚೆನ್ನಾಗಿತ್ತು. ತೇಜಸ್ ಹಾರಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಎಂಜಿನ್‌ನಿಂದ. 2021ರಲ್ಲಿ 83 ಸುಧಾರಿತ ತೇಜಸ್‌ಗಳಿಗೆ ಆದೇಶ ಕೊಟ್ಟ ಮೇಲೆ ಅವಕ್ಕೆ ಬೇಕಾದ ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಆ ವರ್ಷ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡಾಗ ನಮಗೆ ಕೂಡಲೇ ನೆನಪಾದದ್ದು ಸುರಂಜನ್ ದಾಸ್.

ತೇಜಸ್‌ನ ಮೊದಲ ಸ್ಕ್ವಾಡ್ರನ್ 2016ರ ಜುಲೈನಲ್ಲಿ ಬೆಂಗಳೂರಿನಲ್ಲಿ ರಚನೆಯಾಗಿ, 2018ರಲ್ಲಿ ಕೊಯಮತ್ತೂರಿನ ಹತ್ತಿರದ ಸೂಲೂರಿಗೆ ಬಂತು. ಎರಡನೆಯದು ಹುಟ್ಟಿದ್ದೇ ಸೂಲೂರಿನಲ್ಲಿ, 2020ರಲ್ಲಿ. ಅದರ ಗೇರುಪೆಟ್ಟಿಗೆಯ ಕೆಲಸ ನಮ್ಮ ಆವಡಿಯ ಪ್ರಯೋಗಾಲಯದಲ್ಲಿ ನಡೆಯಿತು. ಕರ್ನಾಟಕದಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ನೆಲೆ ನಿಂತವರು ನಾವು ಮಾತ್ರವೇ ಅಲ್ಲ!

ಬೆಂಗಳೂರಿನಲ್ಲಿ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮರುತ್ ಇದೆ. ಇನ್ನೊಂದು ಟ್ಯಾಂಕ್ ಅವರ ದೇಶದಲ್ಲಿ, ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್ ವಿಮಾನ ಸಂಗ್ರಹಾಲಯದಲ್ಲಿದೆ. ಅಷ್ಟು ದೂರ ಹೋಗುವುದು ಬೇಡ. ಕೋಲಾರದ ಮೇಲೆ ಕಾರಿನಲ್ಲಿ ಊರಿಗೆ ಹೋಗುವವರು ಹೊಸಕೋಟೆ, ಕೃಷ್ಣರಾಜಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲೇ ಮುಂದೆ ಬಂದರೆ ಬೈಯಪ್ಪನಹಳ್ಳಿಯ ಹತ್ತಿರ ಎಡಕ್ಕೆ, ಎಚ್.ಎ.ಎಲ್. ಕಡೆಗೆ ಒಂದು ರಸ್ತೆ ತಿರುಗುತ್ತದೆ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿ, ಫಲಕದ ಹೆಸರು ಯಾರದೆಂದು ಕೇಳದೆಯೇ ದಾಟಿಬಿಟ್ಟಿದ್ದೇವೆ. ಅದು ಸುರಂಜನ್ ದಾಸ್ ರಸ್ತೆ. ಬೇಸಿಗೆ ರಜೆಗೆ ಹೋಗುವಾಗ ಆ ಹುಡುಗನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಬೇಕೆಂದಿದ್ದೇವೆ.